ಮಿಷನ್ನಿನದು, ಕೆಲಸದ್ದು, ದಿನದ್ದು

1980ರ ದಶಕದ ಸಿಎನ್‌ಸಿ ಮಿಲ್ಲಿಂಗ್ ಮಿಷನ್ನುಗಳಲ್ಲಿ ಅನೇಕವು ‘ಝಡ್5’ ಎಂದು ಬರೆದುಕೊಟ್ಟರೆ ಐದು ಮಿಲಿಮೀಟರ್ ಎಂದು ಓದುವುದಿಲ್ಲ. ಐದು ಮೈಕ್ರಾನ್ ಎಂದು ಓದುತ್ತವೆ. ಅಂದರೆ ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲು, ತಲೆಗೂದಲಿನ ದಪ್ಪಕ್ಕಿಂತಲೂ ಎಷ್ಟೋ ಕಡಿಮೆ. ಐದು ಮಿಲಿಮೀಟರೇ ಬೇಕಿದ್ದರೆ ‘ಝಡ್5.’ ಎಂದು ಅಂಕಿಯ ಮುಂದೆ ಚುಕ್ಕೆ ಇಡಬೇಕು. ಚುಕ್ಕೆ ಇದ್ದರೆ ಕಟರ್ ಐದು ಮಿಲಿಮೀಟರ್ ಮೇಲೆದ್ದು, ಕ್ಲ್ಯಾಂಪನ್ನು ದಾಟಿ, ಮುಂದಿನ ಜಾಗಕ್ಕೆ ಹೋಗುತ್ತದೆ. ಚುಕ್ಕೆ ಇಲ್ಲದಿದ್ದರೆ ಮೇಲೆದ್ದಂತೆ ಮಾಡಿ, ಪೂರ್ತಿ ವೇಗದಲ್ಲಿ ಕ್ಲ್ಯಾಂಪಿಗೇ ಹೊಡೆಯುತ್ತದೆ. ಕಟರ್ ಮುರಿದರೆ ಸಾವಿರಗಳ ಲೆಕ್ಕ. ಸ್ಪಿಂಡಲ್ ಬೇರಿಂಗಿಗೆ ಏಟು ಬಿದ್ದರೆ ಆ ಮಿಷನ್ನಿನ ಆಯುಸ್ಸೇ ಮುಗಿಯಬಹುದು.

ವಸಾಯಿ ಪೂರ್ವದ ಒಂದು ಗಾಳಾದಲ್ಲಿ ಇಂಥದೊಂದು ಮಿಷನ್ ಇದೆ. ಜಪಾನಿನಲ್ಲಿ ತಯಾರಾಗಿ, ಅಲ್ಲೆಲ್ಲೋ ದುಡಿದು, ಸೆಕೆಂಡ್ ಹ್ಯಾಂಡ್ ಆಗಿ ಮುಂಬಯಿಗೆ ಬಂದದ್ದು. ಎರಕದ ಮೈ ಇನ್ನೂ ಗಟ್ಟಿ, ಸ್ಲೈಡುಗಳಲ್ಲಿ ಸವಕಳಿ ಕಡಿಮೆ. ಹಳತಾದದ್ದು ಅದರ ಫ್ಯಾನುಕ್ ಕಂಟ್ರೋಲ್. ಹಸಿರು ಅಕ್ಷರದ ಪುಟ್ಟ ಪರದೆ, ಪೆನ್‌ಡ್ರೈವ್ ಚುಚ್ಚಲು ಜಾಗವಿಲ್ಲ, ನೆಟ್‌ವರ್ಕ್ ಎಂಬುದರ ಹೆಸರೂ ಗೊತ್ತಿಲ್ಲ. ಮಾಲೀಕರು ಕುಂದಾಪುರ ಕಡೆಯವರು. ಹುಡುಗನಾಗಿದ್ದಾಗ ಗ್ರಾಂಟ್ ರೋಡ್ ಹತ್ತಿರದ ಹೋಟೆಲಿನಲ್ಲಿ ಗ್ಲಾಸು ತೊಳೆದು, ಲ್ಯಾಮಿಂಗ್ಟನ್ ರೋಡಿನ ರೇಡಿಯೊ ಅಂಗಡಿಗಳಿಗೆ ಚಹಾ ಹೊತ್ತು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಆಮೇಲೆ ಒಂದು ವರ್ಕ್‌ಶಾಪಿನಲ್ಲಿ ಹೆಲ್ಪರ್, ಟರ್ನರ್, ಮಿಲ್ಲರ್ ಆಗಿ, ಕೊನೆಗೆ ಸ್ವಂತ ಗಾಳಾ. ಮುಂಬಯಿ ಕನ್ನಡಿಗರಲ್ಲಿ ಹೋಟೆಲ್ ದಾಟಿ ಹೋದ ಹಲವರ ದಾರಿ ಹೆಚ್ಚುಕಡಿಮೆ ಇದೇ.

ಈ ಮಿಷನ್ನನ್ನು ಅವರೊಬ್ಬರೇ ಓಡಿಸಬಲ್ಲರು ಎಂಬುದು ಬಹಳ ಕಾಲ ಅವರ ಹೆಮ್ಮೆಯಾಗಿತ್ತು. ಮಗಳು ಕಂಪ್ಯೂಟರಿನಲ್ಲಿ ಮೋಲ್ಡಿನ ಪ್ರೋಗ್ರಾಂ ಮಾಡಿ ಕಳಿಸುತ್ತಿದ್ದಳು. ಅವರು ಕಂಟ್ರೋಲಿನ ಮುಂದೆ ನಿಂತು, ಸಾಲು ಸಾಲಾಗಿ ಅದನ್ನು ತಿದ್ದುತ್ತಿದ್ದರು. ಎಲ್ಲಿ ಚುಕ್ಕೆ ಬೇಕು, ಯಾವ ಸಾಲು ಈ ಮಿಷನ್ನಿಗೆ ಆಗದು, ಟೂಲ್ ಬದಲಿಸುವ ಮುನ್ನ ಏನು ಸೇರಿಸಬೇಕು ಎಂಬುದೆಲ್ಲ ಅವರ ತಲೆಯಲ್ಲಿತ್ತು. ಒಂದೊಂದು ಪ್ರೋಗ್ರಾಮಿಗೆ ಅರ್ಧ ಗಂಟೆ. ಹೊಸ ಹುಡುಗರು ಬಂದರು, ಕಲಿಯಲಿಲ್ಲ, ಹೋದರು.

ಆಮೇಲೆ ಕಣ್ಣಿಗೆ ಪೊರೆ ಬಂತು. ಹಸಿರು ಪರದೆಯಲ್ಲಿ 3 ಯಾವುದು, 8 ಯಾವುದು ಎಂದು ತಿಳಿಯದಾಯಿತು. ಎರಡೂ ಕಣ್ಣಿಗೆ ಒಂದಾದ ಮೇಲೊಂದು ಆಪರೇಶನ್, ಊರಿನಲ್ಲಿ ವಿಶ್ರಾಂತಿ, ಕಡಿಮೆಯೆಂದರೂ ಒಂದೂವರೆ ತಿಂಗಳು ಮಿಷನ್ನಿನಿಂದ ದೂರ ಎಂದು ತೀರ್ಮಾನವಾಯಿತು. ಪ್ಲಾಸ್ಟಿಕ್ ಮುಚ್ಚಳದ ಮೋಲ್ಡುಗಳನ್ನು ಮಾಡಿಸುವ ಗಿರಾಕಿ ಅಷ್ಟು ದಿನ ಕಾಯುವವನಲ್ಲ. ಗುಜರಿಯವನು ಆಗಲೇ ಒಮ್ಮೆ ಬಂದು, ಮಿಷನ್ನಿನ ಸುತ್ತ ನಡೆದು, ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದ. ಓಡಿಸಲು ಬಲ್ಲ ಒಬ್ಬನೇ ಮನುಷ್ಯ ಇಲ್ಲವೆಂದ ದಿನ ಎಂಥ ಮಿಷನ್ನಾದರೂ ಬರೀ ಕಬ್ಬಿಣವೇ.

ಮಗಳು ಹಿಡಿದ ದಾರಿ ಪೋಸ್ಟ್ ಪ್ರೊಸೆಸರ್. ಇಲ್ಲಿ ‘ಪೋಸ್ಟ್’ ಎಂದರೆ ಅಂಚೆಯಲ್ಲ, ‘ಆಮೇಲಿನದು’ ಎಂದರ್ಥ. ಕ್ಯಾಮ್ ಸಾಫ್ಟ್‌ವೇರ್ ಮೊದಲು ಕಟರ್ ಎಲ್ಲೆಲ್ಲಿ ಹೋಗಬೇಕು ಎಂದಷ್ಟೇ ಲೆಕ್ಕ ಹಾಕುತ್ತದೆ. ಆ ಲೆಕ್ಕ ಯಾವ ಮಿಷನ್ನಿಗೂ ಸೇರಿದ್ದಲ್ಲ. ಅದಾದ ಮೇಲೆ, ಇಂಥ ಮಿಷನ್ನಿಗೆ ಅರ್ಥವಾಗುವ ಸಾಲುಗಳಾಗಿ ಅದನ್ನು ಬರೆದುಕೊಡುವುದು ಪೋಸ್ಟ್ ಪ್ರೊಸೆಸರಿನ ಕೆಲಸ.

ಈ ವಿಂಗಡಣೆ ಸಿಎನ್‌ಸಿಯಷ್ಟೇ ಹಳೆಯದು ಎನ್ನಬಹುದು. ಅಮೆರಿಕದ ಎಂಐಟಿಯಲ್ಲಿ 1952ರ ಸೆಪ್ಟೆಂಬರಿನಲ್ಲಿ ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಮಿಷನ್ನನ್ನು ಮೊದಲು ಜನರಿಗೆ ತೋರಿಸಿದರು. ಅದಕ್ಕೆ ಬೇಕಾದ ಕಾಗದದ ಟೇಪನ್ನು ಕೈಲೆಕ್ಕದಿಂದ ತಯಾರಿಸುವುದೇ ದೊಡ್ಡ ತಲೆನೋವಾಯಿತು. ಹಾಗಾಗಿ ಡಗ್ಲಸ್ ರಾಸ್ ಮತ್ತು ಸಂಗಡಿಗರು 1950ರ ದಶಕದ ಕೊನೆಯಲ್ಲಿ ‘ಎಪಿಟಿ’ ಎಂಬ ಭಾಷೆ ಕಟ್ಟಿದರು. ಆಕೃತಿಯ ಲೆಕ್ಕ ಎಲ್ಲ ಮಿಷನ್ನಿಗೂ ಒಂದೇ, ಕೊನೆಯ ಅನುವಾದ ಮಾತ್ರ ಮಿಷನ್ನಿಗೊಂದು ಎಂಬ ಏರ್ಪಾಡು ಅಲ್ಲಿಂದ ಬಂತು. ಮುಂದೆ ಜಿ-ಕೋಡಿಗೆ ಮಾನದಂಡಗಳೂ ಬಂದವು. ಅಮೆರಿಕದ ಆರ್‌ಎಸ್-274-ಡಿ 1980ರಲ್ಲಿ, ಅಂತರರಾಷ್ಟ್ರೀಯ ಐಎಸ್‌ಒ 6983 1982ರಲ್ಲಿ. ಆದರೆ ಮಾನದಂಡ ಬಿಟ್ಟುಕೊಟ್ಟ ಸಂದುಗಳಲ್ಲಿ ಪ್ರತಿ ಕಂಪನಿಯೂ ತನ್ನ ಪದ್ಧತಿ ಸೇರಿಸಿತು. ಒಂದೇ ಕಂಟ್ರೋಲ್ ಕೂರಿಸಿದರೂ ಮಿಷನ್ ಕಟ್ಟುವವರು ತಮ್ಮ ತಮ್ಮ ಎಂ-ಕೋಡುಗಳನ್ನು ಇಟ್ಟರು. ಕುಂದಾಪುರದ ಕನ್ನಡವೂ ಧಾರವಾಡದ ಕನ್ನಡವೂ ಕನ್ನಡವೇ. ಆದರೂ ಒಂದೂರಿನ ಮಾತಿಗೆ ಇನ್ನೊಂದೂರಿನಲ್ಲಿ ಬೇರೆ ಅರ್ಥವಾಗುವುದುಂಟು. ಇಲ್ಲಿಯೂ ಹಾಗೆಯೇ, ಒಂದೇ ವ್ಯತ್ಯಾಸವೆಂದರೆ ಮಿಷನ್ ತಿರುಗಿ ‘ಎಂತ ಹೇಳಿದ್ದು?’ ಎಂದು ಕೇಳುವುದಿಲ್ಲ.

ಆಟೋಡೆಸ್ಕ್ ಫ್ಯೂಷನ್‌ನಂಥ ಸಾಫ್ಟ್‌ವೇರುಗಳಲ್ಲಿ ಪೋಸ್ಟ್ ಎಂಬುದು ತೆರೆದು ಓದಬಹುದಾದ ಜಾವಾಸ್ಕ್ರಿಪ್ಟ್ ಕಡತ. ಸಾಮಾನ್ಯ ಫ್ಯಾನುಕ್ ಪೋಸ್ಟ್ ಪುಕ್ಕಟೆ ಸಿಗುತ್ತದೆ. ಅದು ಹೊಸ ಕಂಟ್ರೋಲುಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅದನ್ನು ನಕಲು ಮಾಡಿ, ಹಳೆಯ ಮಿಷನ್ನಿಗೆ ಒಗ್ಗುವಂತೆ ತಿದ್ದಬೇಕು. ಏನು ತಿದ್ದಬೇಕು ಎಂಬುದು ಯಾವ ಕಡತದಲ್ಲೂ ಇರಲಿಲ್ಲ. ಇದ್ದದ್ದು ಅಪ್ಪನ ಎಣ್ಣೆ ಹಿಡಿದ ನೋಟ್‌ಬುಕ್ಕಿನಲ್ಲಿ, ಕನ್ನಡದಲ್ಲಿ.

ಆ ನೋಟ್‌ಬುಕ್ಕಿನಲ್ಲಿ ಎಲ್ಲವೂ ಒಟ್ಟಿಗೇ ಇತ್ತು. ‘ಟೂಲ್ ಚೇಂಜಿಗೆ ಮೊದಲು ಝಡ್ ಹೋಮ್, ಆಮೇಲೆ ಎಂ19.’ ‘ಎಂ06 ಆದ ಮೇಲೆ ಒಂದು ಸೆಕೆಂಡ್ ಬಿಡು, ಗಾಳಿ ಪ್ರೆಶರ್ ನಿಧಾನ.’ ‘ಮುಚ್ಚಳದ ಮೋಲ್ಡ್, ಮೂಲೆಯಲ್ಲಿ ಫೀಡ್ ಅರ್ಧ.’ ‘ಆರು ಎಂಎಂ ಕಟರ್ ಸವೆದಿದೆ, 0.02 ಸೇರಿಸು.’ ‘ಮಳೆಗಾಲ, ಬೆಳಿಗ್ಗೆ ಹದಿನೈದು ನಿಮಿಷ ಖಾಲಿ ಓಡಿಸು.’ ಮಗಳು ಮೊದಲು ಎಲ್ಲವನ್ನೂ ಪೋಸ್ಟಿಗೆ ತುಂಬಿಸಲು ಹೊರಟಳು. ತಡೆದದ್ದು ಅಪ್ಪ.

‘ಕಟರ್ ಸವೆದದ್ದು ಮಿಷನ್ನಿನ ಗುಣ ಅಲ್ಲ ಮಾರಾಯ್ತಿ. ನಾಳೆ ಹೊಸ ಕಟರ್ ಹಾಕ್ತಿ. ಆಗಲೂ 0.02 ಸೇರಿಸಿದರೆ ಜಾಬ್ ಹಾಳಾಗ್ತದೆ.’

‘ಹಾಗಾದರೆ ಯಾವುದು ಬರೀಬೇಕು, ಯಾವುದು ಬಿಡಬೇಕು ಅಪ್ಪಯ್ಯ?’

ಅವರು ಒಂದು ಹಾಳೆಯನ್ನು ಮೂರು ಪಾಲು ಮಾಡಲು ಹೇಳಿದರು. ಮಿಷನ್ನಿನದು, ಕೆಲಸದ್ದು, ದಿನದ್ದು. ಯಾವ ಜಾಬ್ ಹಾಕಿದರೂ, ಯಾವ ದಿನವಾದರೂ ಬದಲಾಗದ್ದು ಮಿಷನ್ನಿನದು, ಅದು ಪೋಸ್ಟಿಗೆ. ಜಾಬಿನಿಂದ ಜಾಬಿಗೆ ಬದಲಾಗುವುದು ಕೆಲಸದ್ದು. ಅದನ್ನು ಕ್ಯಾಮ್‌ನಲ್ಲೇ ಹೇಳಬೇಕು. ಇವತ್ತಿದ್ದು ನಾಳೆ ಇಲ್ಲದ್ದು ದಿನದ್ದು. ಅದನ್ನು ಮಿಷನ್ನಿನ ಮುಂದೆ ನಿಂತವನು ಆಫ್‌ಸೆಟ್ ಪುಟದಲ್ಲೋ ಕೈಯಲ್ಲೋ ನೋಡಿಕೊಳ್ಳಬೇಕು. ಇಷ್ಟು ವರ್ಷ ಅವರು ಈ ಮೂರನ್ನೂ ಒಂದೇ ತಿದ್ದುಪಡಿಯಲ್ಲಿ ಮಾಡುತ್ತಿದ್ದರು. ಒಬ್ಬನೇ ಮಾಡುವಾಗ ಬೇರೆ ಮಾಡಿ ನೋಡುವ ಅಗತ್ಯ ಬಿದ್ದಿರಲಿಲ್ಲ.

ಮೊದಲ ಪಾಲಿನ ಕೆಲಸ ಚುಕ್ಕೆಯಿಂದ ಶುರುವಾಯಿತು. ಪೋಸ್ಟಿನಲ್ಲಿ ಪ್ರತಿ ಅಕ್ಷರದ ಅಂಕಿ ಹೇಗೆ ಮುದ್ರಣವಾಗಬೇಕು ಎಂದು ಹೇಳುವ ಸಾಲುಗಳಿರುತ್ತವೆ. ಎಕ್ಸ್, ವೈ, ಝಡ್‌ಗಳಿಗೆ ಪೂರ್ಣಾಂಕವಾದರೂ ಚುಕ್ಕೆ ಕಡ್ಡಾಯ ಎಂದು ಹಾಕಿದಳು. ಎಲ್ಲದಕ್ಕೂ ಹಾಗೆ ಹಾಕುವಂತಿಲ್ಲ. ಸ್ಪಿಂಡಲ್ ವೇಗದ ಎಸ್, ಟೂಲ್ ನಂಬರಿನ ಟಿ, ಆಫ್‌ಸೆಟ್ಟಿನ ಎಚ್ ಇವುಗಳಿಗೆ ಚುಕ್ಕೆ ಸಲ್ಲದು. ಕಾಯುವ ಆಜ್ಞೆಯಲ್ಲಿ ಪಿ1000 ಎಂದರೆ ಸಾವಿರ ಮಿಲಿಸೆಕೆಂಡ್, ಅಲ್ಲಿಯೂ ಚುಕ್ಕೆ ಬೇಡ. ಪ್ರೋಗ್ರಾಂ ನಂಬರ್ ನಾಲ್ಕಂಕಿ ಮೀರಬಾರದು. ಅಕ್ಷರಗಳೆಲ್ಲ ದೊಡ್ಡವೇ ಇರಬೇಕು.

ಎರಡನೆಯ ತೊಡಕು ಸುರುಳಿ ಚಲನೆ. ಕಟರ್ ವೃತ್ತ ತಿರುಗುತ್ತಲೇ ಮೆಲ್ಲಗೆ ಕೆಳಗಿಳಿಯುವುದು ಲೋಹಕ್ಕೂ ಕಟರಿಗೂ ಹಿತ. ಕ್ಯಾಮ್ ಸಾಫ್ಟ್‌ವೇರುಗಳು ಸಾಮಾನ್ಯವಾಗಿ ಇದನ್ನೇ ಆರಿಸುತ್ತವೆ. ಆದರೆ ಆ ಕಾಲದಲ್ಲಿ ಹೆಲಿಕಲ್ ಇಂಟರ್‌ಪೊಲೇಶನ್ ಎಂಬುದು ಹೆಚ್ಚಿಗೆ ದುಡ್ಡು ಕೊಟ್ಟು ಕೊಳ್ಳಬೇಕಾದ ಆಪ್ಷನ್. ಈ ಮಿಷನ್ನಿನ ಮೊದಲ ಮಾಲೀಕರು ಅದನ್ನು ಕೊಂಡಿರಲಿಲ್ಲ. ವೃತ್ತದ ಸಾಲಿನಲ್ಲಿ ಝಡ್ ಕಂಡೊಡನೆ ಅಲಾರಂ. ಪೋಸ್ಟಿನಲ್ಲಿ ‘ಸುರುಳಿಗೆ ಅವಕಾಶವಿಲ್ಲ’ ಎಂದು ಒಂದು ಸಾಲು ಬದಲಿಸಿದರೆ ಸಾಫ್ಟ್‌ವೇರ್ ಆ ಸುರುಳಿಯನ್ನು ಚಿಕ್ಕ ಚಿಕ್ಕ ನೇರ ಗೆರೆಗಳಾಗಿ ಕತ್ತರಿಸಿ ಕೊಡುತ್ತದೆ. ಅಲಾರಂ ಹೋಯಿತು, ಆದರೆ ನೂರು ಸಾಲಿನ ಪ್ರೋಗ್ರಾಂ ಸಾವಿರಾರು ಸಾಲಾಯಿತು.

ಅಷ್ಟು ಸಾಲು ಹಿಡಿಸಲು ಜಾಗ ಎಲ್ಲಿದೆ? ಆ ಕಾಲದ ಕಂಟ್ರೋಲುಗಳು ತಮ್ಮ ನೆನಪನ್ನು ಟೇಪಿನ ಮೀಟರುಗಳಲ್ಲಿ ಹೇಳುತ್ತಿದ್ದವು. ಕಾಗದದ ಟೇಪಿನಲ್ಲಿ ಒಂದು ಇಂಚಿಗೆ ಹತ್ತು ಅಕ್ಷರ. 80 ಮೀಟರ್ ನೆನಪು ಎಂದರೆ ಸುಮಾರು 31,500 ಅಕ್ಷರ. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ಹತ್ತಾರು ಪಟ್ಟು ದೊಡ್ಡದು. ದೊಡ್ಡ ಪ್ರೋಗ್ರಾಮನ್ನು ನೆನಪಿನಲ್ಲಿ ಇಡಲಾಗದು. ಕಂಪ್ಯೂಟರಿನಿಂದ ತಂತಿಯಲ್ಲಿ ತೊಟ್ಟು ತೊಟ್ಟಾಗಿ ಉಣಿಸುತ್ತ, ಮಿಷನ್ ಓದಿದಷ್ಟೂ ಓಡಿಸುತ್ತ ಹೋಗಬೇಕು. ಅದಕ್ಕೆ ಸರಿಯಾದ ಕೇಬಲ್ ಬೇಕು.

ಕೇಬಲಿಗಾಗಿ ಮಗಳು ಗ್ರಾಂಟ್ ರೋಡಿಗೆ ಹೊರಟಳು. ಅಪ್ಪನೂ ಜೊತೆಗೆ ಬಂದರು. ವಸಾಯಿಯಿಂದ ವಿರಾರ್ ಫಾಸ್ಟ್ ಹಿಡಿದು ಮುಂಬಯಿ ಸೆಂಟ್ರಲ್, ಅಲ್ಲಿಂದ ಸ್ಲೋ ಲೋಕಲ್‌ನಲ್ಲಿ ಒಂದೇ ನಿಲ್ದಾಣ. ಪೂರ್ವಕ್ಕಿಳಿದು ನಡೆದರೆ ಲ್ಯಾಮಿಂಗ್ಟನ್ ರೋಡ್. ಬೋರ್ಡುಗಳಲ್ಲಿ ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗ ಎಂದಿದ್ದರೂ ಜನರ ಬಾಯಲ್ಲಿ ಇನ್ನೂ ಹಳೆಯ ಗವರ್ನರನ ಹೆಸರೇ. ರೇಡಿಯೊ ವಾಲ್ವು ಮಾರುತ್ತಿದ್ದ ಕಡೆ ಟ್ರಾನ್ಸಿಸ್ಟರ್, ಟಿ.ವಿ. ಕಿಟ್, ಕಂಪ್ಯೂಟರ್, ಸಿಸಿಟಿವಿ ಒಂದರ ಮೇಲೊಂದು ಬಂದು ಕೂತ ಬೀದಿ ಇದು. ಹೊಸದು ಬಂದಾಗ ಹಳೆಯದು ಪೂರ್ತಿ ಹೋಗುವುದಿಲ್ಲ, ಒಳಗಿನ ಡಬ್ಬಿಗೆ ಸರಿಯುತ್ತದೆ. ಬೇರೆಡೆ ಸಿಗದ 25 ಪಿನ್ನಿನ ಕನೆಕ್ಟರನ್ನು ಇಲ್ಲಿ ಹುಡುಕುವುದು ಇದೇ ಕಾರಣಕ್ಕೆ. ಯಾವ ಗಲ್ಲಿಯಲ್ಲಿ ಕೇಳಬೇಕೆಂದು ಅಪ್ಪನಿಗೆ ಕಣ್ಣು ಬೇಕಿರಲಿಲ್ಲ, ಚಹಾ ಹೊತ್ತ ಕಾಲಿಗೆ ಗೊತ್ತಿತ್ತು.

ಅಂಗಡಿಯವನು ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಎರಡು ತುಂಡು ತೋರಿಸಿದ, ಒಂದು ಅಗ್ಗದ್ದು, ಒಂದು ದುಬಾರಿ. ಪರೀಕ್ಷೆ ಸರಳ. ಕಳಿಸುವ ಪಿನ್ನನ್ನೂ ಪಡೆಯುವ ಪಿನ್ನನ್ನೂ ಒಂದು ತಂತಿಯಿಂದ ಸೇರಿಸಿ, ಲ್ಯಾಪ್‌ಟಾಪಿನಲ್ಲಿ ಅಕ್ಷರ ಒತ್ತಿದರೆ ಅದೇ ಅಕ್ಷರ ತಿರುಗಿ ಪರದೆಯಲ್ಲಿ ಕಾಣಬೇಕು. ಎರಡರಲ್ಲೂ ಕಂಡಿತು. ಆದರೆ ಈ ಪರೀಕ್ಷೆ ಹೇಳದ ಸಂಗತಿ ಒಂದಿದೆ. ಹಳೆಯ ಕಂಟ್ರೋಲಿಗೆ ಹೊಟ್ಟೆ ತುಂಬಿದಾಗ ಅದು ‘ನಿಲ್ಲು’ ಎಂಬ ಗುರುತು ಕಳಿಸುತ್ತದೆ. ಕೆಲವು ಪರಿವರ್ತಕಗಳು ಆ ಗುರುತು ಬಂದ ಮೇಲೂ ತಮ್ಮಲ್ಲಿ ಉಳಿದ ಅಕ್ಷರಗಳನ್ನು ತಳ್ಳುತ್ತಲೇ ಇರುತ್ತವೆ. ಆಗ ಬಫರ್ ಓವರ್‌ಫ್ಲೋ ಅಲಾರಂ, ಜಾಬಿನ ನಡುವೆ ಕಟರ್ ನಿಂತುಬಿಡುತ್ತದೆ. ‘ನಿಲ್ಲು ಅಂದ್ರೆ ನಿಲ್ಲುವಂಥದ್ದು ಕೊಡಿ’ ಎಂದು ಅಪ್ಪ ಹಿಂದಿಯಲ್ಲಿ ಕೇಳಿದರು. ಅಂಗಡಿಯವನು ನಕ್ಕು ದುಬಾರಿಯದನ್ನು ಮುಂದಿಟ್ಟ. ಮಿಷನ್ ಕಡೆಯ ಕನೆಕ್ಟರಿನಲ್ಲಿ 4ನ್ನು 5ಕ್ಕೂ, 6, 8, 20ನ್ನು ಒಂದಕ್ಕೊಂದೂ ಬೆಸೆಯಿಸಿಕೊಂಡರು. ಕಂಟ್ರೋಲ್ ಕೇಳುವ ‘ಸಿದ್ಧವೇ?’ ಎಂಬ ಪ್ರಶ್ನೆಗೆ ಅದರದೇ ತಂತಿಗಳು ‘ಸಿದ್ಧ’ ಎಂದು ಉತ್ತರಿಸುವ ಹಳೆಯ ಉಪಾಯವದು.

ಕೇಬಲ್ ಬಂದ ಮೇಲೂ ವೇಗದ ಲೆಕ್ಕ ಉಳಿದಿತ್ತು. ಈ ಮಿಷನ್ನಿನಲ್ಲಿ ದೊರೆತ ಅತಿ ಹೆಚ್ಚು ವೇಗ 4800 ಬಾಡ್. ಒಂದು ಅಕ್ಷರಕ್ಕೆ ಆರಂಭ, ಪ್ಯಾರಿಟಿ, ಎರಡು ನಿಲುಗಡೆ ಸೇರಿ 11 ಬಿಟ್. ಸೆಕೆಂಡಿಗೆ ಸುಮಾರು 436 ಅಕ್ಷರ. ಪುಕ್ಕಟೆ ಪೋಸ್ಟ್ ಬರೆದುಕೊಡುತ್ತಿದ್ದ ಒಂದು ಸಾಲು ‘ಎನ್1230 ಜಿ01 ಎಕ್ಸ್45.123 ವೈ20.456 ಝಡ್-3.000 ಎಫ್800.’ ಎಂಬಂತಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ, ನಡುವಿನ ಖಾಲಿ ಜಾಗ ಮತ್ತು ಸಾಲಿನ ಕೊನೆಯ ಗುರುತು ಸೇರಿ 40. ಸೆಕೆಂಡಿಗೆ ಹನ್ನೊಂದು ಸಾಲೂ ದಾಟುವುದಿಲ್ಲ. ಒಂದೊಂದು ಸಾಲು ಕಟರನ್ನು 0.05 ಮಿಲಿಮೀಟರ್ ಮುಂದೆ ಒಯ್ದರೆ ನಿಮಿಷಕ್ಕೆ 33 ಮಿಲಿಮೀಟರ್ ಅಷ್ಟೇ, ಬರೆದದ್ದು 800 ಆದರೂ. ಮಿಷನ್ ತುತ್ತಿಗಾಗಿ ಕಾಯುತ್ತ ನಿಂತು ನಿಂತು ಹೋಗುತ್ತದೆ, ನಿಂತಲ್ಲೆಲ್ಲ ಮೋಲ್ಡಿನ ಮೈಮೇಲೆ ಕಲೆ ಬೀಳುತ್ತದೆ. ಆಮೇಲೆ ಪಾಲಿಶ್ ಮಾಡುವವನು ಬೈಯುತ್ತಾನೆ.

ಪೋಸ್ಟಿನಲ್ಲಿ ಸಾಲಿನ ನಂಬರ್ ತೆಗೆದಳು, ಖಾಲಿ ಜಾಗ ತೆಗೆದಳು, ಹಿಂದಿನ ಸಾಲಿನಲ್ಲಿದ್ದುದನ್ನು ಮತ್ತೆ ಹೇಳದಂತೆ ಮಾಡಿದಳು. ಜಿ01, ಎಫ್ ಒಮ್ಮೆ ಹೇಳಿದರೆ ಬದಲಿಸುವವರೆಗೂ ಜಾರಿಯಲ್ಲಿರುತ್ತವೆ. ಉಳಿದದ್ದು ‘ಎಕ್ಸ್45.123ವೈ20.456’, ಕೊನೆಯ ಗುರುತು ಸೇರಿ 15 ಅಕ್ಷರ. ಸೆಕೆಂಡಿಗೆ 29 ಸಾಲು. ಕ್ಯಾಮ್‌ನಲ್ಲಿ ಸ್ಮೂದಿಂಗ್ ಹಾಕಿ, ಪುಟ್ಟ ಗೆರೆಗಳನ್ನು ಕೂಡಿಸಿ ಸರಾಸರಿ ಅರ್ಧ ಮಿಲಿಮೀಟರ್ ಮಾಡಿದಾಗ ಕಾಗದದ ಮೇಲೆ ನಿಮಿಷಕ್ಕೆ 870 ಮಿಲಿಮೀಟರ್ ಬಂತು. ಕಂಟ್ರೋಲ್ ಪ್ರತಿ ಸಾಲನ್ನು ಓದಿ ಅರ್ಥ ಮಾಡಿಕೊಳ್ಳಲು ತೆಗೆದುಕೊಳ್ಳುವ ಹೊತ್ತೂ ಇದೆಯಲ್ಲ ಎಂದು 500ಕ್ಕೆ ಇಟ್ಟರು. ಮಿಷನ್ನಿನ ಕಲೆಗಳು ನಿಂತವು. ಖಾಲಿ ಜಾಗ ತೆಗೆಯುವುದು ಮಿಷನ್ನಿನದು, ಸ್ಮೂದಿಂಗ್ ಕೆಲಸದ್ದು. ಹಾಳೆಯಲ್ಲಿ ಎರಡೂ ಬೇರೆ ಬೇರೆ ಪಾಲಿಗೆ ಹೋದವು.

ಕೊನೆಗೆ ಗಾಳಿಯಲ್ಲಿ ಓಡಿಸಿ ನೋಡುವ ಪರೀಕ್ಷೆ. ಟೂಲ್ ಲೆಂಗ್ತ್ ಆಫ್‌ಸೆಟ್ಟಿಗೆ 100 ಮಿಲಿಮೀಟರ್ ಸೇರಿಸಿದರೆ ಕಟರ್ ಜಾಬಿಗಿಂತ ಅಷ್ಟು ಮೇಲೆಯೇ ತನ್ನ ದಾರಿ ತಿರುಗುತ್ತದೆ. ಮಿಲ್ಲಿಂಗ್ ಸರಿಯಾಗಿ ನಡೆಯಿತು, ಟೂಲ್ ಬದಲಾಯಿತು, ಡ್ರಿಲ್ ಬಂತು. ಎರಡನೇ ತೂತಿಗೆ ಅಪ್ಪ ಫೀಡ್ ಹೋಲ್ಡ್ ಒತ್ತಿದರು. ಪರದೆಯ ಅಂಕಿ ಅವರಿಗೆ ಕಾಣುತ್ತಿರಲಿಲ್ಲ. ತೂತಿನಿಂದ ವಾಪಸ್ ಬರುವ ಸದ್ದು ಚಿಕ್ಕದಾಗಿತ್ತು.

ನೋಡಿದರೆ ಅದೇ ಚುಕ್ಕೆ. ಎಕ್ಸ್, ವೈ, ಝಡ್‌ಗಳಿಗೆ ಚುಕ್ಕೆ ಕಡ್ಡಾಯ ಮಾಡಿದ್ದಳು. ತೂತು ಕೊರೆಯುವ ಸಾಲಿನಲ್ಲಿ, ಡ್ರಿಲ್ ಎಲ್ಲಿಯವರೆಗೆ ಮೇಲೆ ಬರಬೇಕು ಎಂದು ಹೇಳುವ ಆರ್ ಬೇರೆ ನಿಯಮದಿಂದ ಮುದ್ರಣವಾಗುತ್ತಿತ್ತು. ‘ಆರ್5.’ ಬದಲು ‘ಆರ್5’. ಡ್ರಿಲ್ ತೂತಿನಿಂದ ಐದು ಮಿಲಿಮೀಟರ್ ಮೇಲೆ ಬರುವ ಬದಲು ಐದು ಮೈಕ್ರಾನ್ ಬರುತ್ತಿತ್ತು. ನಿಜವಾದ ಜಾಬಿನಲ್ಲಾಗಿದ್ದರೆ ಮುಂದಿನ ತೂತಿಗೆ ಹೋಗುವ ದಾರಿಯಲ್ಲಿ ಅಡ್ಡ ಸಿಕ್ಕಿದ ಕ್ಲ್ಯಾಂಪಿಗೆ ತಾಗುತ್ತಿತ್ತು. ಪೋಸ್ಟಿನಲ್ಲಿ ಒಂದು ಪದ ಸೇರಿಸಿದ್ದರಿಂದ ಸರಿಹೋಯಿತು. ಇನ್ನೊಮ್ಮೆ ಓಡಿಸಿದಾಗ ಸದ್ದು ಉದ್ದವಾಯಿತು, ಅಪ್ಪ ತಲೆಯಾಡಿಸಿದರು.

1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಆರಂಭವಾದ ಮೇಲೆ ಆ ನಗರದ ಸುತ್ತ ಮಿಷನ್ ಟೂಲ್ ಬಲ್ಲ ತಲೆಮಾರುಗಳೇ ಬೆಳೆದವು. ಪೀಣ್ಯದಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ಮುಂಬಯಿಯ ಉಪನಗರಗಳಲ್ಲಿ ಹಳೆಯ ಕಂಟ್ರೋಲಿನ ಮಿಷನ್ನುಗಳು ಇನ್ನೂ ಅನ್ನ ಕೊಡುತ್ತಿವೆ. ಅವು ಗುಜರಿಗೆ ಹೋಗುವುದಕ್ಕೆ ಯಾವಾಗಲೂ ಸವಕಳಿಯೇ ಕಾರಣವಲ್ಲ. ಅವುಗಳ ಜೊತೆ ಮಾತಾಡಬಲ್ಲವನು ನಿವೃತ್ತನಾಗುತ್ತಾನೆ, ಅವನ ತಲೆಯಲ್ಲಿದ್ದುದು ಅವನೊಡನೆ ಊರಿಗೆ ಹೋಗುತ್ತದೆ. ಪೋಸ್ಟ್ ತಿದ್ದುವುದನ್ನು ಸಾಫ್ಟ್‌ವೇರ್ ಕೆಲಸ ಎಂದುಕೊಳ್ಳುವುದುಂಟು. ಕೋಡ್ ಬರೆದದ್ದು ಒಟ್ಟು ಎರಡು ದಿನ. ಉಳಿದ ಮೂರು ವಾರ ಹೋದದ್ದು ಒಬ್ಬ ಮನುಷ್ಯ ಯೋಚಿಸದೆ ಮಾಡುತ್ತಿದ್ದುದನ್ನು ಅವನಿಂದಲೇ ಕೇಳಿ ಬಿಡಿಸುವುದಕ್ಕೆ.

ಎಲ್ಲವನ್ನೂ ಬಿಡಿಸಿಕೊಳ್ಳಬಹುದು ಎಂದುಕೊಂಡರೂ ತಪ್ಪೇ. ಬೆಳಿಗ್ಗೆ ಖಾಲಿ ಓಡಿಸುವುದನ್ನೂ ಪೋಸ್ಟಿಗೇ ಹಾಕಿದರೆ ಮಧ್ಯಾಹ್ನದ ಪ್ರೋಗ್ರಾಮಿಗೂ ಹದಿನೈದು ನಿಮಿಷ ಸುಮ್ಮನೆ ಹೋಗುತ್ತದೆ. ಆಗ ಹುಡುಗರು ಕೋಡ್ ದಾಟಿಸಿ ಓಡಿಸಲು ಕಲಿಯುತ್ತಾರೆ, ಮುಂದೊಂದು ದಿನ ದಾಟಿಸಬಾರದ್ದನ್ನೂ ದಾಟಿಸುತ್ತಾರೆ. ದಿನದ್ದನ್ನು ದಿನಕ್ಕೇ ಬಿಡುವುದೂ ತಿದ್ದುವ ಕೆಲಸದ ಒಂದು ಭಾಗ.

ಕಂಟ್ರೋಲಿಗೆ ಇಂಗ್ಲಿಷಿನ ದೊಡ್ಡ ಅಕ್ಷರ ಬಿಟ್ಟು ಬೇರೆ ಓದಲು ಬಾರದು. ಹಾಗಾಗಿ ಮೂರನೆಯ ಪಾಲು ಒಂದು ರಟ್ಟಿನ ಮೇಲೆ, ಮಿಷನ್ನಿನ ಬಾಗಿಲಲ್ಲಿ ತೂಗುತ್ತದೆ. ಅಪ್ಪ ಹೇಳಿದ್ದನ್ನು ಮಗಳು ಮೇಲೆ ಕನ್ನಡದಲ್ಲಿ ಬರೆದಳು. ಈಗ ಅಲ್ಲಿ ನಿಲ್ಲುವ ಹುಡುಗ ಗೋರಖಪುರ ಕಡೆಯವನು, ಅವನಿಗಾಗಿ ಕೆಳಗೆ ಹಿಂದಿಯಲ್ಲಿ. ಒಟ್ಟು ಒಂಬತ್ತು ಸಾಲು. ಕೆಳಗೆ ಇನ್ನಷ್ಟು ಬರೆಯಲು ಜಾಗ ಬಿಟ್ಟಿದ್ದಾರೆ.

ಮೊದಲ ಕಣ್ಣಿನ ಆಪರೇಶನ್ ಆಗಿ ಊರಿನಲ್ಲಿದ್ದ ಅಪ್ಪನಿಗೆ ಮಗಳು ಫೋನ್ ಮಾಡಿ, ಮುಚ್ಚಳದ ಮೋಲ್ಡ್ ಮುಗಿಯಿತು, ಒಂದು ಸಾಲನ್ನೂ ಕೈಯಲ್ಲಿ ತಿದ್ದಲಿಲ್ಲ ಎಂದಳು. ಅವರು ಪೋಸ್ಟಿನ ಬಗ್ಗೆ ಏನೂ ಕೇಳಲಿಲ್ಲ.

‘ಅಲ್ಲಿ ಮಳೆ ಉಂಟಾ? ಬೆಳಿಗ್ಗೆ ಖಾಲಿ ಓಡಿಸಿದ್ರಾ?’ ಎಂದಷ್ಟೇ ಕೇಳಿದರು.